ಟೇಪಕ್ಕ ಎತ್ತಿದ ಒಂದು ಗೇಣು

ನಮ್ಮ ಕಟ್ಟಡದಲ್ಲಿ ಟೇಪಕ್ಕನಿಗೆ ಚಹಾ ಕೊಡದ ಮನೆಯಿಲ್ಲ. ಹನ್ನೊಂದು ಮಹಡಿ, ನಲವತ್ತನಾಲ್ಕು ಫ್ಲ್ಯಾಟು. ಅದರಲ್ಲಿ ಅರ್ಧಕ್ಕರ್ಧ ಕಿಟಕಿಗಳಿಗೆ ಪರದೆಯನ್ನೋ ಬ್ಲೈಂಡ್ಸನ್ನೋ ಹಾಕಿದವರು ಅವರೇ. ವಯಸ್ಸು ಐವತ್ತೈದರ ಆಚೆ ಈಚೆ. ಸೊಂಟದಲ್ಲಿ ಉಕ್ಕಿನ ಟೇಪು, ಕಿವಿಯ ಹಿಂದೆ ಹೆಬ್ಬೆರಳಿನಷ್ಟು ಗಿಡ್ಡ ಪೆನ್ಸಿಲು, ಕಂಕುಳಲ್ಲಿ ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್ಕು. ಬಾಗಿಲು ತೆರೆದ ತಕ್ಷಣ ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಹೆಗಲ ಮೇಲಿಂದ ಬೆಳಕು ಎಲ್ಲಿ ಬೀಳುತ್ತಿದೆ ಎಂದು ನೋಡುತ್ತಾರೆ. ಮೊದಲ ಸಲ ನೋಡಿದಾಗ ಹೆಂಗಸಿಗೆ ಕೊಬ್ಬು ಜಾಸ್ತಿ ಅಂದುಕೊಂಡಿದ್ದೆ.

ಅವರು ಹುಟ್ಟಾ ಬ್ಲೈಂಡ್ಸ್‌ನವರೇನಲ್ಲ. ಹದಿನಾರರ ವಯಸ್ಸಿಗೇ ದೋಣಿಕಟ್ಟೆಯಲ್ಲಿದ್ದ ಸೋದರಮಾವನ ಶೆಡ್ಡಿನಲ್ಲಿ ದೋಣಿಗಳಿಗೆ ಹೊದಿಸುವ ತಾಡಪಾಲು ಹೊಲಿಯಲು ಕೂತವರು. ಬಿಸಿಲು ಯಾವ ಬಣ್ಣವನ್ನು ಎಷ್ಟು ದಿನದಲ್ಲಿ ತಿನ್ನುತ್ತದೆ, ಉಪ್ಪುಗಾಳಿ ಯಾವ ಕೊಂಡಿಯನ್ನು ಮೊದಲು ಹಿಡಿಯುತ್ತದೆ ಎಂಬುದೆಲ್ಲ ಅಲ್ಲೇ ಕಲಿತದ್ದು. ಆಮೇಲೆ ದಂಡೆಯುದ್ದಕ್ಕೂ ಗಾಜಿನ ಕಟ್ಟಡಗಳು ಎದ್ದವು. ದೋಣಿ ಮುಚ್ಚಿದ ಕೈ ಮನೆ ಮುಚ್ಚಲು ಹೊರಟಿತು, ಇಷ್ಟೇ ನನ್ನ ಕತೆ ಎನ್ನುತ್ತಾರೆ.

ಆದರೆ ಅವರು ಕೆಲಸ ಮಾಡುವ ರೀತಿಯೇ ಬೇರೆ. ಒಂದು ಕಿಟಕಿಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಮೂರರಲ್ಲಿ ಚಿಕ್ಕದನ್ನು ಬರೆದುಕೊಳ್ಳುತ್ತಾರೆ. ಯಾವ ಕಿಟಕಿಯೂ ಪೂರ್ತಿ ನೇರ ಇರುವುದಿಲ್ಲವಂತೆ, ಮನುಷ್ಯರ ಹಾಗೆ. ಅದಕ್ಕೂ ಮೊದಲು ಆ ಕೋಣೆಯಲ್ಲಿ ಯಾರು ಎಲ್ಲಿ ಕೂರುತ್ತಾರೋ ಅಲ್ಲಲ್ಲಿ ತಾವೇ ಹೋಗಿ ಕೂರುತ್ತಾರೆ. ಊಟದ ಮೇಜಿನ ಮೂಲೆ, ಮಕ್ಕಳು ಓದುವ ಕುರ್ಚಿ, ಒಂದನ್ನೂ ಬಿಡುವುದಿಲ್ಲ. ಎದುರು ಮನೆಯ ಮೇಷ್ಟ್ರ ಆರಾಮಕುರ್ಚಿಯಲ್ಲಿ ಕೂತವರು ಅರ್ಧ ಗಂಟೆ ಏಳಲೇ ಇಲ್ಲವಂತೆ. ಅಳತೆಗೆ ಬಂದವರೋ ನಿದ್ದೆಗೆ ಬಂದವರೋ ಎಂದು ಮೇಷ್ಟ್ರು ಈಗಲೂ ಆಡಿಕೊಂಡು ನಗುತ್ತಾರೆ.

ನಾನು ಇದಕ್ಕೆ ತದ್ವಿರುದ್ಧ. ನನಗೆ ತಾಳ್ಮೆ ಎಂಬುದು ಹುಟ್ಟುವಾಗಲೇ ಕಡಿಮೆ ಬಂದಿದೆ. ಒಂದು ಕೆಲಸ ತಲೆಗೆ ಹೊಕ್ಕರೆ ಸಂಜೆಯೊಳಗೆ ಮುಗಿಯಬೇಕು, ಸರಿಯಾಗಿಯೋ ತಪ್ಪಾಗಿಯೋ.

ನಮ್ಮದು ಐದನೆಯ ಮಹಡಿ. ಪಶ್ಚಿಮದ ಮೂರು ಕಿಟಕಿಗಳ ಕೆಳಗೇ ಅಳಿವೆ. ಫ್ಲ್ಯಾಟ್ ನೋಡಲು ಬಂದ ದಿನ ಆ ನೀರಿಗೆ ಮರುಳಾಗಿ ಹೂಂ ಎಂದುಬಿಟ್ಟೆವು. ಬೇಸಿಗೆ ಬಂದಾಗ ಗೊತ್ತಾಯಿತು, ನೀರಿನ ಜೊತೆಗೆ ಸೂರ್ಯನನ್ನೂ ಕೊಂಡಿದ್ದೇವೆಂದು. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದ ಎ.ಸಿ. ರಾತ್ರಿ ಊಟದವರೆಗೂ ಗುರುಗುಡುತ್ತಿತ್ತು. ಕರೆಂಟ್ ಬಿಲ್ ಬಂದ ದಿನ ನನ್ನ ಗಂಡ ಎರಡು ಸಲ ಕನ್ನಡಕ ಒರೆಸಿಕೊಂಡರು.

ಆ ಮೂರರಲ್ಲಿ ನಡುವಿನ ಕಿಟಕಿ ಅತ್ತೆಯ ಕೋಣೆಯದು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರ ಹೆಚ್ಚಿನ ಹೊತ್ತು ಮಂಚದ ಮೇಲೆಯೇ. ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಅದೇ ದೊಡ್ಡದು. ಅವರಿಗೆ ಸೆಕೆಯಾಗಬಾರದು, ಬಿಲ್ಲೂ ಇಳಿಯಬೇಕು ಎಂದು ನಾನೇ ಬ್ಲೈಂಡ್ಸ್ ಹಾಕಿಸಲು ಹೊರಟೆ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದ್ದ ಬಟ್ಟೆಯ ಟೇಪು ತೆಗೆದು ಅಳೆದೆ. ಕತ್ತಲೆಂದರೆ ತಂಪು ಎಂದು ಲೆಕ್ಕ ಹಾಕಿ, ದಪ್ಪನೆಯ ಕಪ್ಪು ಬಟ್ಟೆ ಆರಿಸಿದೆ. ಯಾರನ್ನೂ ಕೇಳಲಿಲ್ಲ. ಟೇಪಕ್ಕನನ್ನು ಕರೆದರೆ ಕೂತು ಎದ್ದು ಕೂತು ಎದ್ದು ವಾರ ಕಳೆಯುತ್ತಾರೆ ಎನಿಸಿತ್ತು.

ಮಾಡಿದ್ದುಣ್ಣೋ ಮಹಾರಾಯ. ಇಪ್ಪತ್ತು ವರ್ಷ ಎಳೆದೆಳೆದು ಆ ಟೇಪು ಹಿಗ್ಗಿ ಅಳತೆ ಕಡಿಮೆ ತೋರಿಸಿತ್ತು, ಹಾಗಾಗಿ ಬಂದ ಬ್ಲೈಂಡ್ಸ್ ಎರಡೂ ಬದಿಗೆ ಒಂದೊಂದು ಬೆರಳು ಕಿರಿದು. ಆ ಸಂದಿನಿಂದ ಬಿಸಿಲು ಸೀಳಿಕೊಂಡು ಒಳಗೆ ಬಂತು. ಕಪ್ಪು ಬಟ್ಟೆಯಂತೂ ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚು. ಎ.ಸಿ. ಗಾಳಿಗೆ ಅದು ಪಟಪಟ ಬಡಿಯುತ್ತದೆಂದು ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಕೆಳಗಿನ ಚೌಕಟ್ಟಿಗೆ ಬಿಗಿದೆ. ಆದರೂ ಮನೆಯವರೆಲ್ಲರ ಮುಂದೆ ಈಗ ಎಷ್ಟೋ ವಾಸಿ ಎಂದೇ ಸಾಧಿಸಿದೆ. ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

ಹದಿನೈದು ದಿನವಾಗಿರಬೇಕು, ಅತ್ತೆ ಸ್ವಲ್ಪ ದಿನ ಮಗಳ ಮನೆಗೆ ಹೋಗಿಬರುತ್ತೇನೆಂದರು. ಶನಿವಾರ ನಾದಿನಿ ಕಾರು ತರುತ್ತಾಳೆಂದೂ ಆಗಲೇ ಗೊತ್ತುಮಾಡಿಕೊಂಡಿದ್ದರು. ಹೋಗಿಬರಲಿ ಎಂದು ಬಟ್ಟೆ ಜೋಡಿಸಲು ಕೂತೆ. ಆಗ ಅವರು ಉಣ್ಣೆಯ ಶಾಲನ್ನೂ ಇಡು ಎಂದರು. ಸುಡು ಬೇಸಿಗೆಯಲ್ಲಿ ಉಣ್ಣೆಯ ಶಾಲು. ಸ್ವಲ್ಪ ದಿನವಲ್ಲ, ಚಳಿಗಾಲ ಕಳೆಯುವ ಲೆಕ್ಕ ಅದು ಎಂದು ನನಗೆ ಹೊಳೆಯಿತು.

ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಕಳೆದಿದ್ದೇವೆ. ಉಪ್ಪಿನಿಂದ ಹಿಡಿದು ಫ್ಯಾನಿನ ವೇಗದವರೆಗೆ ನಾವು ಜಗಳವಾಡದ ವಿಷಯವಿಲ್ಲ. ಆದರೂ ನಾನು ಕೆಲಸಕ್ಕೆ ಹೋದಾಗ ನನ್ನ ಎರಡೂ ಮಕ್ಕಳನ್ನು ಸಾಕಿದವರು ಅವರು, ನನ್ನ ತವರಿನವರ ಎದುರಿಗೇ ನನ್ನ ಪರವಾಗಿ ಮಾತಾಡಿದವರು. ಅವರಿಲ್ಲದ ಮನೆಯಲ್ಲಿ ನಾನು ಯಾರ ಮೇಲೆ ರೇಗಲಿ? ಹೋಗಬೇಡಿ ಅನ್ನಲು ಬಾಯಿ ಬರಲಿಲ್ಲ. ಸೆಕೆಗೇ ಬೇಸತ್ತಿರಬೇಕು, ಕೋಣೆ ತಂಪಾದರೆ ಉಳಿದಾರು ಎಂದುಕೊಂಡು ಹಲ್ಲು ಕಚ್ಚಿ ಟೇಪಕ್ಕನಿಗೆ ಫೋನ್ ಮಾಡಿದೆ.

ಅವರು ಬಂದದ್ದು ಗುರುವಾರ, ಮಧ್ಯಾಹ್ನ ಎರಡೂವರೆಯ ಬಿಸಿಲಿನಲ್ಲಿ. ಬೇಕೆಂದೇ ಆ ಹೊತ್ತಿಗೆ ಬಂದಿದ್ದರು. ಬೆಳಿಗ್ಗೆ ನೋಡಿದರೆ ಪಶ್ಚಿಮದ ಕಿಟಕಿ ಎಲ್ಲರಿಗೂ ಸಾಧುವೇ. ಕಪ್ಪು ಬಟ್ಟೆಗೆ ಅಂಗೈ ತಾಗಿಸಿ ನೋಡಿದರು. ಆಮೇಲೆ ಅತ್ತೆಯ ಅಪ್ಪಣೆ ಕೇಳಿ ಮಂಚದ ಮೇಲೆ ಕೂತರು. ಕೂತವರು ಹಾಗೇ ಅತ್ತೆಯ ಪಕ್ಕದಲ್ಲಿ ಮಲಗಿಯೂಬಿಟ್ಟರು. ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ.

ಬಹಳ ಹೊತ್ತು ಇಬ್ಬರೂ ಸೂರು ನೋಡಿದರು. ಕೊನೆಗೆ ಟೇಪಕ್ಕ ಮೆಲ್ಲನೆ ಕೇಳಿದರು: "ಅಮ್ಮ, ನೀವು ದಿನವಿಡೀ ಏನು ನೋಡ್ತೀರಿ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಕಣ್ಣನ್ನು ಕಿಟಕಿಯತ್ತ ಹೊರಳಿಸಿದರು. ಟೇಪಕ್ಕ ಎದ್ದು ಹೋಗಿ ನನ್ನ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ, ಬ್ಲೈಂಡ್ಸನ್ನು ಕೆಳಗಿನಿಂದ ಒಂದು ಗೇಣು ಎತ್ತಿದರು.

ಸೂರಿನ ಮೇಲೆ ನೀರು ಬಂತು. ಅಳಿವೆಗೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ, ಆ ಗೇಣಗಲದ ಸಂದಿನಲ್ಲಿ ನುಗ್ಗಿ, ಸರಿಯಾಗಿ ಮಂಚದ ಮೇಲಿನ ಸೂರಿನಲ್ಲಿ ಬೆಳ್ಳಗೆ ತೂಗಾಡತೊಡಗಿತು. ಅತ್ತೆಯ ಮುಖ ಅರಳಿತು. ಹಾಗೇ ಮೇಲೆ ನೋಡುತ್ತ, ಅದು ಮೂರು ಗಂಟೆಯ ಲಾಂಚು, ನೋಡಿ ಹೇಗೆ ಅಗಲಗಲವಾಗಿ ಬರ್ತಿದೆ ಎಂದರು. ಮೂವತ್ತು ವರ್ಷ ದೋಣಿಕಟ್ಟೆಯ ಟಿಕೆಟ್ ಕೌಂಟರಿನಲ್ಲಿ ಕೂತವರು ಅತ್ತೆ. ಸಣ್ಣ ದೋಣಿ ಹೋದರೆ ಬೆಳಕು ಚಿಟಿಚಿಟಿ ನಡುಗುತ್ತದೆ, ದೊಡ್ಡ ಲಾಂಚು ಹೋದರೆ ಉದ್ದುದ್ದ ತೂಗುತ್ತದೆ. ಮಲಗಿದಲ್ಲೇ ಅವರಿಗೆ ಯಾವುದು ಹೊತ್ತಿಗೆ ಸರಿಯಾಗಿ ಬಂತು, ಯಾವುದು ತಡವಾಯಿತು ಎಂದು ತಿಳಿಯುತ್ತಿತ್ತು. ಅದನ್ನು ಕ್ಲಿಪ್ಪು ಹಾಕಿ ಮುಚ್ಚಿದವಳು ನಾನು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಗಟ್ಟಿಯಾಗಿಯೇ ಬಂದಿರಬೇಕು.

"ನೀನು ಅಷ್ಟು ಕಷ್ಟಪಟ್ಟು ನನಗೋಸ್ಕರ ಹಾಕಿಸಿದ್ದೆ. ಬೇಡ ಅಂತ ಹೇಗೆ ಹೇಳ್ಲಿ ಕಣೇ?" ಎಂದರು ಅತ್ತೆ. "ಮಗಳ ಮನೇಲಿ ಕಿಟಕಿ ಎದುರಿಗೆ ಗೋಡೆ. ಅಲ್ಲಿ ನೀರು ಇಲ್ಲವೇ ಇಲ್ಲ, ಅದಕ್ಕೆ ಬೇಜಾರೂ ಆಗಲ್ಲ. ಇಲ್ಲಿ ಇದ್ದೂ ಇಲ್ಲ."

ಅಳು ಬಂತು. ಬಂತು ಅಂತ ಹೇಳಲು ನಾಚಿಕೆಯೇನಿಲ್ಲ, ಆದರೆ ಆಗ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಮರಳಿ ಬರುವಷ್ಟರಲ್ಲಿ ಟೇಪಕ್ಕ ಬಟ್ಟೆಯ ತುಂಡುಗಳನ್ನು ಮಂಚದ ಮೇಲೆ ಹರಡಿ ಅತ್ತೆಗೇ ಆರಿಸಲು ಕೊಟ್ಟಿದ್ದರು. ಜಾಲರಿಯಂಥದ್ದರಲ್ಲಿ ಹೊರಗಿನದು ಕಾಣುತ್ತದೆ, ಆದರೆ ಸೆಕೆ ಅಷ್ಟಾಗಿ ನಿಲ್ಲುವುದಿಲ್ಲ. ಕೊನೆಗೆ ನಿಂತದ್ದು ಜೇನುಗೂಡಿನ ಹಾಗೆ ಸಾಲು ಸಾಲು ಗೂಡುಗಳಿರುವ ಹಗುರ ಬ್ಲೈಂಡ್ಸ್ ಮೇಲೆ. ಗೂಡಿನೊಳಗೆ ಸಿಕ್ಕಿಕೊಂಡ ಗಾಳಿಯೇ ಸೆಕೆಯನ್ನು ತಡೆಯುತ್ತದಂತೆ. ಹೊರಮೈ ಬಿಳಿ, ಬಿಸಿಲನ್ನು ಬಂದ ದಾರಿಗೇ ಸುಂಕವಿಲ್ಲದೆ ಅಟ್ಟಲು. ಎಳೆಯುವ ಹಗ್ಗ ಮಂಚದ ಕಡೆಗೆ, ಅತ್ತೆಯ ಕೈಗೆ ಸಿಗುವ ಹಾಗೆ. ಮಧ್ಯಾಹ್ನ ಒಂದು ಗೇಣು ಎತ್ತಿದರೆ ನೇರ ಬಿಸಿಲು ಕಿಟಕಿಯ ಬುಡದಲ್ಲಷ್ಟೇ ಬೀಳುತ್ತದೆ. ಅಷ್ಟನ್ನು ಕಾಲೊರಸು ಒಣಗಿಸಲು ಬಿಡಿ ಎಂದರು.

ಹಾಗಾದರೆ ಮನೆಯ ಎಲ್ಲ ಕಿಟಕಿಗೂ ಇದನ್ನೇ ಹಾಕಿ ಎಂದೆ ನಾನು, ನನ್ನ ಎಂದಿನ ಅವಸರದಲ್ಲಿ. ಟೇಪಕ್ಕ ಒಪ್ಪಲಿಲ್ಲ. ಪಶ್ಚಿಮದ ಮೂರಕ್ಕೆ ಸಾಕು, ಉತ್ತರದ ಕಿಟಕಿಗಳು ಯಾರ ತಂಟೆಗೂ ಹೋಗುವವಲ್ಲ, ಅವಕ್ಕೆ ಹಳೇ ಪರದೆಯೇ ಇರಲಿ ಎಂದರು. ಬಂದ ಗಿರಾಕಿಯನ್ನು ಹೀಗೆ ಅರ್ಧ ದಾರಿಯಲ್ಲಿ ವಾಪಸು ಕಳಿಸುವವರನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವಾಗ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಟ್ಟು ಕೈ ತೊಳೆಯಲು ಹೋದರು. ಕಣ್ಣು ಹಾಯಿಸದಿರಲು ನಾನೇನು ಸನ್ಯಾಸಿನಿಯೇ? ನಮ್ಮ ಮನೆಯ ಪುಟದಲ್ಲಿ ಕಿಟಕಿಯ ಅಳತೆಗಿಂತ ಮೇಲೆ ಹೀಗೆ ಬರೆದಿತ್ತು: "ಅತ್ತೆ: ಮಲಗಿ ನೋಡುವವರು. ಯಜಮಾನರು: ಸೋಫಾದ ಎಡಗಡೆ. ಸೊಸೆ: ಎಲ್ಲೂ ಕೂರುವುದಿಲ್ಲ."

ಶನಿವಾರ ನಾದಿನಿ ಕಾರು ತಂದಳು. ಅತ್ತೆ ಅವಳಿಗೆ ಊಟ ಹಾಕಿಸಿ, ಮೂರೂವರೆಯ ಲಾಂಚು ತೋರಿಸಿ, ಉಣ್ಣೆಯ ಶಾಲನ್ನು ಚಳಿಯಾದರೆ ಹೊದ್ದುಕೋ ಎಂದು ಅವಳಿಗೇ ಕೊಟ್ಟು ಕಳಿಸಿದರು. ಅಮ್ಮನಿಗೆ ಅತ್ತಿಗೆ ಏನೋ ಮದ್ದು ಹಾಕಿದ್ದಾಳೆ ಎಂದು ನಾದಿನಿ ಲಿಫ್ಟಿನವರೆಗೂ ನನ್ನನ್ನು ಕಿಚಾಯಿಸಿದಳು.

ಹತ್ತು ದಿನಕ್ಕೆ ಹೊಸ ಬ್ಲೈಂಡ್ಸ್ ಬಂದವು. ಎ.ಸಿ. ಈಗ ಸಂಜೆ ಎರಡು ಗಂಟೆ ಓಡಿದರೆ ಹೆಚ್ಚು. ನನ್ನ ಗಂಡ ಬಿಲ್ಲನ್ನು ಕನ್ನಡಕವಿಲ್ಲದೆಯೇ ಓದುತ್ತಾರೆ. ಆ ಬಟ್ಟೆಯ ಟೇಪನ್ನು ಟೇಪಕ್ಕನೇ ಕತ್ತರಿಸಿ ಬಿಸಾಡಿದರು.

ತಿಂಗಳ ಮೇಲೆ ಹಗ್ಗ ಸಡಿಲವಾಗಿದೆಯೋ ನೋಡಲು ಅವರು ಮತ್ತೆ ಬಂದರು. ಬಾಗಿಲು ತೆರೆದದ್ದು ನನ್ನ ಗಂಡ. ನಾನು ಏಳಲಿಲ್ಲ. ಅತ್ತೆಯ ಪಕ್ಕದಲ್ಲಿ ಮಲಗಿ, ಸೂರಿನ ಮೇಲೆ ಉದ್ದುದ್ದ ತೂಗುತ್ತಿದ್ದ ಬೆಳಕನ್ನು ನೋಡುತ್ತ, ಇದು ಮೂರೂವರೆಯದೋ ತಡವಾದ ಮೂರರದ್ದೋ ಎಂದು ಅವರೊಡನೆ ಜಗಳಕ್ಕೆ ನಿಂತಿದ್ದೆ. ಟೇಪಕ್ಕ ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು, ನೋಟ್‌ಬುಕ್ಕಿನಲ್ಲಿ ನಮ್ಮ ಮನೆಯ ಪುಟ ಹುಡುಕಿ, ಒಂದು ಸಾಲು ಹೊಡೆದು ಹಾಕಿದರು.