ಬಂದೂಕಿನ ಅರ್ಜಿ ಬರೆದವನು

ನನ್ನ ತಂಗಿಯನ್ನು ಅವಳ ಗಂಡ ಕೊಂದ ಬಂದೂಕಿಗೆ ಅರ್ಜಿ ಬರೆದುಕೊಟ್ಟವನು ನಾನು.

ತಮಿಳು ಸೀಮೆಯ ನಾಟ್ರಾಂಪಾಳ್ಯದ ಕಡೆ ಅವರದು ಕಾಡಂಚಿನ ರಾಗಿ ಹೊಲ. ಹಂದಿ ಓಡಿಸಲು ಅವನ ಅಪ್ಪನ ಕಾಲದಿಂದಲೂ ಲೈಸೆನ್ಸಿನ ಬಂದೂಕೊಂದಿತ್ತು. 2006ರ ಚುನಾವಣೆ ಬಂದಾಗ ಎಲ್ಲರ ಬಂದೂಕುಗಳ ಹಾಗೆ ಅದನ್ನೂ ಪೊಲೀಸ್ ಠಾಣೆಯಲ್ಲಿ ಇಡಿಸಿಕೊಂಡರು. ಅಷ್ಟರಲ್ಲಿ ಲೈಸೆನ್ಸಿನ ಅವಧಿ ಮುಗಿಯಿತು. ಅದನ್ನು ಹೊಸದು ಮಾಡಿಸದೆ ಬಂದೂಕು ವಾಪಸ್ ಕೊಡುವುದಿಲ್ಲ ಎಂದರು. ಅರ್ಜಿ ತಮಿಳಿನಲ್ಲಿತ್ತು, ಅವನಿಗೆ ಓದಲು ಬಾರದು. ನಾನು ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ, ತಮಿಳಿನಲ್ಲಿ ಹತ್ತನೆಯ ತರಗತಿವರೆಗೆ ಓದಿದ್ದೆ. ನೆಂಟರ ಜಮೀನಿನ ಪಟ್ಟಾ, ರೇಷನ್ ಕಾರ್ಡಿನ ಕಾಗದವೆಲ್ಲ ನನ್ನ ಬಳಿಗೇ ಬರುತ್ತಿತ್ತು. ಇದೂ ಬಂತು.

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಜಮೀನು ಎಷ್ಟು, ಕೇಸು ಇದೆಯೇ, ಬಂದೂಕು ಯಾಕೆ ಬೇಕು ಎಂದು ಓದಿ ಹೇಳಿ, ಅವನು ಹೇಳಿದ್ದನ್ನು ಬರೆದೆ. ತಂಗಿ ಒಳಗೆ ನನ್ನ ಹೆಂಡತಿಯ ಜೊತೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆಮೇಲೆ ಅವರನ್ನು ಕಳಿಸಲು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಅವನು ಬೀಡಿ ತರಲು ಹೋದಾಗ ತಂಗಿ ಕೇಳಿದಳು:

“ಅಣ್ಣಾ, ಅದು ಸ್ಟೇಷನ್ನಾಗೇ ಇದ್ರೆ ಏನಾಯ್ತದೆ?”

“ತುಕ್ಕು ಹಿಡೀತದೆ ಕಣಮ್ಮ,” ಅಂದೆ.

ಅಷ್ಟರಲ್ಲಿ ಅವನು ಬಂದ, ಇಬ್ಬರೂ ಬಸ್ಸು ಹತ್ತಿದರು. ಮಳೆಗಾಲದಲ್ಲಿ ಬಂದೂಕು ಮನೆಗೆ ಬಂತು. ರಾಗಿ ಕೊಯ್ಲಿನ ಹೊತ್ತಿಗೆ ತಂಗಿ ಬದುಕಿರಲಿಲ್ಲ. ಊಟ ತಡವಾಯಿತೆಂದು ಜಗಳವಾಗಿ, ಅವನು ಬಂದೂಕು ಎತ್ತಿದನಂತೆ. ಮೂರನೇ ದಿನದ ಹಾಲು ತುಪ್ಪಕ್ಕೆ ಹೋದಾಗ ಅವರ ಪಕ್ಕದ ಮನೆಯಾಕೆ ಹೇಳಿದರು: “ದೊಣ್ಣೆ ತಕ್ಕಂಡಾಗೆಲ್ಲ ನಮ್ಮನೆಗೆ ಓಡ್ಬತ್ತಿದ್ಲು. ಇದು ಓಡಕ್ಕೂ ಬುಡ್ಲಿಲ್ಲ.” ಅವನು ಹೊಡೆಯುತ್ತಿದ್ದ ಎಂಬುದು ನನಗೆ ಗೊತ್ತಾಗಿದ್ದೇ ಆಗ.

ಆಮೇಲೆ ನನಗೊಂದು ಕುತೂಹಲ ಹತ್ತಿಕೊಂಡಿತು. ಬೇರೆ ಕಡೆಗಳಲ್ಲಿ ಬಂದೂಕು ಕೊಡುವ ಮುಂಚೆ ಯಾರನ್ನು ಕೇಳುತ್ತಾರೆ? ನಮ್ಮ ಕಾರ್ಖಾನೆಗೆ ಮೆಷಿನ್ ಕೂರಿಸಲು ಹೊರದೇಶದವರು ಬರುತ್ತಿದ್ದರು. ಊಟದ ಹೊತ್ತಿನಲ್ಲಿ ಸೂಪರ್‌ವೈಸರ್ ಮೂಲಕ ಅವರನ್ನು ಕೇಳಿಸುತ್ತಿದ್ದೆ. “ದಂಡು ಕಟ್ತೀಯೇನಯ್ಯಾ?” ಎಂದು ಸೂಪರ್‌ವೈಸರ್ ನಗುತ್ತಲೇ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಅಮೆರಿಕದವನೊಬ್ಬ, ನಮ್ಮಲ್ಲಿ ಅಂಗಡಿಯಲ್ಲೇ ಸಿಗುತ್ತದೆ ಎಂದ. ತನ್ನ ಬೀದಿಯಲ್ಲೂ ಒಬ್ಬ ಹೆಂಗಸನ್ನು ಅವಳ ಗಂಡನೇ ಗುಂಡಿಕ್ಕಿ ಕೊಂದ ಎಂದೂ ಹೇಳಿದ. ಇದು ನಮ್ಮ ಬೆಟ್ಟದ ಕಡೆಯ ಕಥೆ ಎಂದುಕೊಂಡಿದ್ದೆ. ಸಮುದ್ರದಾಚೆಗೂ ಅದೇ ಮನೆ, ಅದೇ ಗಂಡ.

ಜಪಾನಿನವನೊಬ್ಬನ ಸೋದರಮಾವನೂ ಹಂದಿ ಹೊಡೆಯಲೆಂದೇ ಬಂದೂಕು ಕೇಳಿದ್ದನಂತೆ. ಅಲ್ಲೂ ಹಂದಿಯೇ! ಲೈಸೆನ್ಸ್ ಕೊಡುವ ಮುಂಚೆ ಪೊಲೀಸರು ಮನೆಗೆ ಬಂದು ಆ ಮಾವನ ಹೆಂಡತಿಯನ್ನು ಕೇಳಿದರಂತೆ: ಕುಡಿಯುತ್ತಾನಾ, ಕೋಪ ಹೇಗೆ, ಕೈಮಾಡುತ್ತಾನಾ ಎಂದು. ನಾನು ಎರಡು ಸಲ ಕೇಳಿಸಿದೆ, ಹೆಂಡತಿಯನ್ನೇ ಕೇಳಿದರಾ ಎಂದು. ಹೌದು ಎಂದ. ನಾನು ಬರೆದ ಅರ್ಜಿಯಲ್ಲಿ ಹೆಂಡತಿಗೆ ಒಂದು ಸಾಲೂ ಇರಲಿಲ್ಲ.

ಎರಡು ವರ್ಷದ ಮೇಲೆ ಬೇರಿಕೆ ಊರ ಕಡೆಯವನೊಬ್ಬ, ನಮ್ಮ ಲೋಡಿಂಗ್ ಕೆಲಸದವನು, ಅಂಥದ್ದೇ ಅರ್ಜಿ ಹಿಡಿದು ಮನೆಗೆ ಬಂದ. ಹೆಂಡತಿಯೂ ಜೊತೆಗಿದ್ದಳು. ಪೆನ್ನು ತೆಗೆಯುವ ಮುಂಚೆ, “ನೀನೇನಂತೀಯಮ್ಮ?” ಎಂದು ಅವಳನ್ನು ಕೇಳಿದೆ. ಗಂಡನ ಕಡೆ ನೋಡಿ, ಅವರು ಹೇಳಿದ ಹಾಗೆ ಎಂದಳು. ಹೀಗೆ ಕೇಳುವುದು ಕೇಳಿದ ಹಾಗಲ್ಲ ಎಂದು ಆಗ ಹೊಳೆಯಿತು. ರೇಷನ್ ಕಾರ್ಡಿನ ಜೆರಾಕ್ಸ್ ಬೇಕೆಂದು ಅವನನ್ನು ಕಳಿಸಿ ಮತ್ತೆ ಕೇಳಿದೆ. ಅವಳು ಬಾಗಿಲ ಕಡೆ ನೋಡುತ್ತಲೇ ಹೇಳಿದಳು:

“ಕುಡ್ದಾಗ ಅವ್ರು ಅವ್ರಾಗಿರಲ್ಲಣ್ಣ. ಮನೇಲಿ ಬ್ಯಾಡ. ನಾನಂದೆ ಅನ್ಬ್ಯಾಡಿ.”

ಅವನು ಬಂದಾಗ ನನ್ನ ಕೈಲಿ ಆಗುವುದಿಲ್ಲ ಎಂದೆ. “ನಾಕಕ್ಷರ ಬರ್ಯಕ್ಕೆ ಏನ್ ಬಿಂಕ ಬಂತಲಾ ನಿಂಗೆ,” ಎಂದು ಬೈದು, ಟೈಪಿಂಗ್ ಅಂಗಡಿಗೆ ಹೋದ. ಅವಳೂ ಹಿಂದೆಯೇ ಹೋದಳು.

ಮರುದಿನ ರಜೆ ಹಾಕಿ ಕೃಷ್ಣಗಿರಿಗೆ ಹೋಗಿ ಕಲೆಕ್ಟರ್ ಕಚೇರಿಯಲ್ಲಿ ತಮಿಳಿನಲ್ಲಿ ಒಂದು ಪುಟದ ಮನವಿ ಕೊಟ್ಟೆ. ಬೇರಿಕೆಯವರ ಹೆಸರು ಬರೆಯಲಿಲ್ಲ. ನನ್ನ ತಂಗಿಯ ವಿಷಯ ಬರೆದು, ಇನ್ನು ಮೇಲೆ ಯಾರಿಗೇ ಬಂದೂಕು ಕೊಡುವ ಮುಂಚೆ ಹೆಂಡತಿಯನ್ನು, ಗಂಡ ಹತ್ತಿರ ಇಲ್ಲದಾಗ, ಒಂದು ಮಾತು ಕೇಳಿ ಎಂದಷ್ಟೇ ಬರೆದೆ. ಗುಮಾಸ್ತ ಓದಿ, ಸೀಲು ಹಾಕಿ ಇಟ್ಟುಕೊಂಡ. ಉತ್ತರ ಬಂದಿಲ್ಲ. ಬೇರಿಕೆಯವನಿಗೆ ಲೈಸೆನ್ಸ್ ಸಿಕ್ಕಿತೋ ಇಲ್ಲವೋ ತಿಳಿಯದು. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವಳು ಹೇಗಿದ್ದಾಳೆಂದು ಬೇರೆಯವರನ್ನು ವಿಚಾರಿಸುತ್ತಿರುತ್ತೇನೆ.