ಎರಡು ಮಿನಾ, ಐದು ಶೆಕೆಲ್

ಕಳೆದ ಶನಿವಾರ ಬೆಳಿಗ್ಗೆ ಕಾರಿನ ಹಿಂದಿನ ಸೀಟಿಗೆ ಬಿಗಿದಿದ್ದ ಮಗುವಿನ ಕುರ್ಚಿಯನ್ನು ಕಿತ್ತು ತೆಗೆದೆ. ನೀವೂ ಈ ಕೆಲಸ ಮಾಡಿದವರಾಗಿದ್ದರೆ ನಿಮಗೆ ಗೊತ್ತಿರುತ್ತದೆ, ಆ ಕುರ್ಚಿಯ ಅಡಿಯಲ್ಲಿ ಒಂದು ಪ್ರತ್ಯೇಕ ಸಂಸಾರವೇ ನಡೆದಿರುತ್ತದೆ. ಒಣಗಿ ಹೋದ ದ್ರಾಕ್ಷಿ, ಚಕ್ಕುಲಿಯ ಚೂರು, ಒಂಟಿ ಕಾಲುಚೀಲ, ಬಣ್ಣದ ಕಡ್ಡಿ. ಆ ರಾಶಿಯೊಳಗೆ ಗೋಲಿಯಷ್ಟು ದೊಡ್ಡ ಒಂದು ಬಿಳಿ ಕಲ್ಲು ಸಿಕ್ಕಿತು. ತಲೆ ಗುಂಡಗೆ, ಅಡಿ ಸಪಾಟು. ಕೈಗೆತ್ತಿಕೊಂಡೆ. ಅಷ್ಟು ಬಿಸಿಲಿನಲ್ಲೂ ನನ್ನ ಅಂಗೈ ತಣ್ಣಗಾಯಿತು.

"ಅಪ್ಪಾ, ಈಸ್ ದಟ್ ಅ ಟೂತ್?" ಎಂದಳು ಇಳಾ. ಅವಳಿಗೆ ಐದು ವರ್ಷ. ಹಲ್ಲು ಅಲ್ಲಾಡಲು ಶುರುವಾಗಿರುವುದರಿಂದ ಬಿಳಿ ಬಣ್ಣದ್ದೆಲ್ಲ ಹಲ್ಲು.

"ಅಲ್ಲ ಪುಟ್ಟಾ, ತೂಕದ ಕಲ್ಲು" ಎಂದೆ. ಅಷ್ಟರಲ್ಲಿ ನನ್ನ ಹೆಂಡತಿ ವಸುಧಾ ಬಾಗಿಲಿನಿಂದ ಕೂಗಿದಳು: "ರೀ, ಹೊಸ ಸೀಟಿಗೆ ಮಿನಿಮಮ್ ನಲವತ್ತು ಪೌಂಡ್ ಇರಬೇಕಂತೆ. ಅವಳನ್ನ ಒಂದ್ಸಲ ತೂಕ ಮಾಡಿಬಿಡಿ." ಅವಳು ಅದನ್ನು ಸಲೀಸಾಗಿ ಹೇಳಿದಳು. ನಾನು ಮಾತ್ರ ಬೇಡದ ಕಸವನ್ನೆಲ್ಲ ಇನ್ನೊಮ್ಮೆ ಗುಡಿಸತೊಡಗಿದೆ.

ನನ್ನ ಹೊಟ್ಟೆಪಾಡು ಏನೆಂದು ಹೇಳಿದರೆ ನೀವು ನಗುತ್ತೀರಿ. ನಾನು ತಕ್ಕಡಿ ಪರೀಕ್ಷೆ ಮಾಡುವವನು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಟೊರ್ರಿ ಪೈನ್ಸ್ ಗುಡ್ಡದ ಮೇಲಿರುವ ಲ್ಯಾಬುಗಳಿಗೆ ಹೋಗಿ, ಅಲ್ಲಿನ ಸೂಕ್ಷ್ಮ ತಕ್ಕಡಿಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ನೋಡಿ ಸರ್ಟಿಫಿಕೇಟು ಕೊಡುತ್ತೇನೆ. ನನ್ನ ಪೆಟ್ಟಿಗೆಯಲ್ಲಿರುವ ತೂಕಗಳನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡು ಅಂಟಿದರೂ ಲೆಕ್ಕ ತಪ್ಪುತ್ತದೆ. ಇಂಥವನಿಗೆ ಸ್ವಂತ ಮಗಳ ತೂಕವೆಂದರೆ ಜೀವ ಬಾಯಿಗೆ ಬರುತ್ತದೆ.

ಇಳಾ ಹುಟ್ಟಿದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಬರಬೇಕಾದ್ದಕ್ಕಿಂತ ತುಂಬಾ ಮೊದಲು. ಜಗತ್ತೇ ಬಾಗಿಲು ಹಾಕಿಕೊಂಡು ಕೂತಿದ್ದ ವರ್ಷ. ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಆಸ್ಪತ್ರೆಯೊಳಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ. ವಸುಧಾ ಒಳಗೆ ಹೋಗುತ್ತಿದ್ದಳು, ನಾನು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಸ್ಟೀರಿಂಗ್ ನೋಡುತ್ತಿದ್ದೆ. ದಿನವೂ ಬೆಳಿಗ್ಗೆ ಮಗುವನ್ನು ತೂಗುತ್ತಿದ್ದರು. ಆ ಒಂದು ಅಂಕಿಯ ಮೇಲೆ ನಮ್ಮ ಇಡೀ ದಿನ ನಿಂತಿರುತ್ತಿತ್ತು. ಏರಿದರೆ ಮಗು ನಮ್ಮ ಕಡೆಗೆ ಬರುತ್ತಿದೆ, ಇಳಿದರೆ ದೂರ ಹೋಗುತ್ತಿದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ನಮ್ಮ ಉಡುಪಿ ಕಡೆ ಮಕ್ಕಳು ದಪ್ಪಗಿದ್ದಾರೆ ಎಂದೋ, ತೂಕ ಏರಿತೆಂದೋ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿ ತಾಗುತ್ತದೆ. ಓದಿದವನು, ವಿಜ್ಞಾನಿಗಳ ತಕ್ಕಡಿಗೇ ತಪ್ಪು ಹುಡುಕುವವನು, ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಬೇಡಿ. ನಂಬುತ್ತಿರಲಿಲ್ಲ. ಮಗುವಿನ ಮೈಗೆ ಅಂಟಿಸಿದ ವೈರುಗಳ ಫೋಟೋವನ್ನು ವಸುಧಾ ಕಳಿಸಿದ ದಿನದಿಂದ ಎಲ್ಲವನ್ನೂ ನಂಬತೊಡಗಿದೆ. ಗ್ರಾಂ ಲೆಕ್ಕ ನನ್ನ ಬಾಯಿಂದ ಹೊರಡುವುದು ನಿಂತೇ ಹೋಯಿತು.

ಪಕ್ಕದ ಮನೆಯಲ್ಲಿ ಹನ್ನಾ ಎಂಬ ಮುದುಕಿ ಇದ್ದರು. ಯಹೂದ್ಯರು. ತಮ್ಮ ಪ್ರಾರ್ಥನಾ ಮಂದಿರದಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಅವರು ಆಡುತ್ತಿದ್ದದ್ದು ಅಚ್ಚ ಕ್ಯಾಲಿಫೋರ್ನಿಯಾ ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡುವುದು! ಒಂದು ಸಂಜೆ ಬೇಲಿಯಾಚೆ ನಿಂತು, ಮಾಸ್ಕಿನೊಳಗಿಂದ, "ಮಗು ಎಷ್ಟು ತೂಕ ಇದೆ?" ಎಂದು ಕೇಳಿದರು. ನಾನು ತಡವರಿಸಿದೆ. ಕೊನೆಗೆ ನಿಜವನ್ನೇ ಹೇಳಿಬಿಟ್ಟೆ: ಹೇಳಲು ಹೆದರಿಕೆ.

ಅವರು ನಗಲಿಲ್ಲ. "ನಮ್ಮಜ್ಜಿ ಊಟಕ್ಕೆ ಕೂತ ಮಕ್ಕಳನ್ನ ಎಣಿಸೋವಾಗ, ಒಂದಲ್ಲ, ಎರಡಲ್ಲ, ಮೂರಲ್ಲ ಅಂತ ಎಣಿಸ್ತಿದ್ದಳು" ಎಂದರು. ನನಗೆ ನಮ್ಮ ಅಜ್ಜ ಭತ್ತ ಅಳೆಯುತ್ತಿದ್ದದ್ದು ನೆನಪಾಯಿತು. ಮೊದಲ ಸೇರಿಗೆ ಒಂದು ಎನ್ನದೆ "ಲಾಭ" ಎನ್ನುತ್ತಿದ್ದರು. ಎಲ್ಲಿಯ ಅಜ್ಜಿ, ಎಲ್ಲಿಯ ಅಜ್ಜ! ಹೆದರಿಕೆಗೆ ಮಾತ್ರ ವೀಸಾ ಬೇಕಿಲ್ಲ.

ಮರುದಿನ ಹನ್ನಾ ಒಂದು ಶೂ ಡಬ್ಬಿಯನ್ನು ಬೇಲಿಯ ಕಂಬದ ಮೇಲಿಟ್ಟು, ಅದಕ್ಕೆ ಸೋಂಕು ಕಳೆಯುವ ಔಷಧ ಸಿಂಪಡಿಸಿ, ಹಿಂದೆ ಸರಿದು ನಿಂತರು. ಒಳಗೆ ಸುಣ್ಣದ ಕಲ್ಲಿನ ಗುಂಡು ತಲೆಯ ತೂಕಗಳು. ತೀರಿಕೊಂಡ ಅವರ ಗಂಡ ಪಾಠಕ್ಕೆಂದು, ನೆಲದಡಿ ಸಿಕ್ಕ ಹಳೆಯ ಕಲ್ಲುಗಳನ್ನು ನೋಡಿ, ಹಾಗೇ ಕಡೆದು ಕೊಟ್ಟದ್ದಂತೆ. ಹೀಬ್ರೂ ಜನರ ಹಳೆಯ ಕಾಲದಲ್ಲಿ ನಾಣ್ಯ ಇನ್ನೂ ಹುಟ್ಟಿರಲಿಲ್ಲ, ಬೆಳ್ಳಿಯ ಚೂರನ್ನು ತೂಗಿ ಕೊಡುವುದೇ ಹಣ. ವ್ಯಾಪಾರಿ ಸೊಂಟದ ಚೀಲದಲ್ಲಿ ಇಂಥ ಕಲ್ಲುಗಳನ್ನು ಇಟ್ಟುಕೊಂಡು ತಿರುಗುತ್ತಿದ್ದ. ಇಪ್ಪತ್ತು ಗೇರಾ ಸೇರಿದರೆ ಒಂದು ಶೆಕೆಲ್. ನಮ್ಮ ಲೆಕ್ಕದಲ್ಲಿ ಹನ್ನೊಂದು ಗ್ರಾಂ ಚಿಲ್ಲರೆ. ಐವತ್ತು ಶೆಕೆಲ್ ಒಂದು ಮಿನಾ. ಅರವತ್ತು ಮಿನಾ ಸೇರಿದರೆ ಒಂದು ಟ್ಯಾಲೆಂಟ್, ಒಬ್ಬ ಗಟ್ಟಿ ಗಂಡಸು ಹೊರುವಷ್ಟು ಭಾರ. ಕಸುಬಿನ ಚಟ ಬಿಡುತ್ತದೆಯೇ? ಡಬ್ಬಿಯಲ್ಲಿದ್ದ ಶೆಕೆಲ್ ಕಲ್ಲುಗಳನ್ನು ನನ್ನ ತಕ್ಕಡಿಯಲ್ಲಿಟ್ಟು ನೋಡಿದೆ. ಒಂದರಂತೆ ಒಂದಿರಲಿಲ್ಲ. "ಹಳೆಯವೂ ಹಾಗೇ" ಎಂದರು ಹನ್ನಾ. ಯಾವತ್ತೂ ಇಲ್ಲದ ಸಮಾಧಾನವಾಯಿತು ನನಗೆ. ಇಷ್ಟು ಮಂಜುಮಂಜಾದ ಅಳತೆಯಲ್ಲಿ ನನ್ನ ಮಗಳನ್ನು ಅಡಗಿಸಿಡಬಹುದು ಅನ್ನಿಸಿತು.

ಆ ಡಬ್ಬಿಯಿಂದ ಅವರು ಒಂದು ಚಿಕ್ಕ ಕಲ್ಲನ್ನು ಬೇರೆ ಮಾಡಿದರು. ಬೆಕಾ, ಅಂದರೆ ಅರ್ಧ ಶೆಕೆಲ್. "ಹಿಂದೆ ಜನರ ತಲೆ ಎಣಿಸ್ತಿರಲಿಲ್ಲ. ಎಣಿಸಿದರೆ ಮಾರಿ ಬರುತ್ತೆ ಅಂತ ಭಯ. ಒಬ್ಬೊಬ್ಬರೂ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕು, ಆಮೇಲೆ ಬೆಳ್ಳಿ ಎಣಿಸಬೇಕು. ಶ್ರೀಮಂತ ಹೆಚ್ಚು ಕೊಡೋ ಹಾಗಿಲ್ಲ, ಬಡವ ಕಡಿಮೆ ಕೊಡೋ ಹಾಗಿಲ್ಲ. ಇದು ನಿನ್ನ ಮಗಳ ಪಾಲಿಂದು, ಇಟ್ಕೋ" ಎಂದರು. ಆಗ ಟಿವಿಯಲ್ಲಿ ದಿನವೂ ಸತ್ತವರನ್ನು ಎಣಿಸುತ್ತಿದ್ದರು. ನಾನು ಆ ಕಲ್ಲನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಮನೆಯೊಳಗೆ ಓಡಿದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಗ್ರಾಂ ಬಂದ್. ಹುಟ್ಟಿದಾಗ ಇಳಾ ಸರಿಯಾಗಿ ಎರಡು ಮಿನಾ. ವಸುಧಾ ಮೊದಮೊದಲು ಬೈದಳು. "ನಿಮಗೇನ್ರೀ ಬಂದಿರೋದು? ಡಾಕ್ಟರ್ ಮುಂದೆ ಶೆಕೆಲ್ ಅಂದ್ರೆ ನನ್ನನ್ನೇ ಅಡ್ಮಿಟ್ ಮಾಡ್ಕೋತಾರೆ!" ಆಮೇಲೆ ಅವಳಿಗೂ ಅದು ಒಗ್ಗಿತು. ಬೆಳಿಗ್ಗೆ ಒಳಗೆ ಹೋದವಳು ಒಂದು ಸಾಲು ಮೆಸೇಜು ಕಳಿಸಿ, ಫೋನನ್ನು ಲಾಕರಿನಲ್ಲಿಟ್ಟು, ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಯಾವ ಕೆಟ್ಟ ಕಣ್ಣು ಆ ಮೆಸೇಜನ್ನು ಓದಿದರೂ ತಲೆಬುಡ ತಿಳಿಯುವಂತಿರಲಿಲ್ಲ. ದೃಷ್ಟಿಗೆ ಹೀಬ್ರೂ ಎಲ್ಲಿಂದ ಬರಬೇಕು?

ಉಡುಪಿಯಲ್ಲಿ ಅಣ್ಣನ ಮನೆಯಲ್ಲಿದ್ದ ನನ್ನ ಅಮ್ಮ ಆಗಲೇ ಹರಕೆ ಹೊತ್ತಾಗಿತ್ತು. ಮಗು ಉಳಿದರೆ ದೇವರ ಮುಂದೆ ಬೆಲ್ಲದ ತುಲಾಭಾರ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ಅಷ್ಟೇ ತೂಕದ ಬೆಲ್ಲ. ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದರು: "ಎಷ್ಟುಂಟು ಈಗ ತೂಕ? ಬೆಲ್ಲ ಎಷ್ಟು ಬೇಕಾದೀತು?" ನಾನು "ಚೆನ್ನಾಗಿದ್ದಾಳೆ ಅಮ್ಮ" ಎನ್ನುತ್ತಿದ್ದೆ. ಅವರಿಗೆ ಶೆಕೆಲ್ ಅರ್ಥವಾಗುತ್ತಿರಲಿಲ್ಲ, ಕಿಲೋ ನನ್ನ ಬಾಯಿಂದ ಬರುತ್ತಿರಲಿಲ್ಲ.

ಇನ್ನು, ಮಗು ಆಸ್ಪತ್ರೆಯಲ್ಲಿದ್ದಾಗಿನ ಒಂದು ದಿನದ ವಿಷಯ. ಕಾಡಿನ ಬೆಂಕಿಯ ಹೊಗೆ ಊರಿನ ಮೇಲೆ ಕವಿದಿತ್ತು. ಬೆಳಗಿನ ಸೂರ್ಯ ಕುಂಕುಮದ ಬೊಟ್ಟಿನ ಹಾಗೆ ಕೆಂಪಗಿದ್ದ, ಕಾರಿನ ಗಾಜಿನ ಮೇಲೆ ಬೂದಿ ಉದುರುತ್ತಿತ್ತು. ಹಿಂದಿನ ದಿನ ಮಗು ಎರಡು ಮಿನಾ ಇಪ್ಪತ್ತು ಶೆಕೆಲ್ ಇದ್ದಳು. ಫೋನು ಟಿಣ್ ಎಂದಿತು. "ಎರಡು ಮಿನಾ, ಐದು ಶೆಕೆಲ್."

ಒಂದೇ ದಿನದಲ್ಲಿ ಹದಿನೈದು ಶೆಕೆಲ್ ಇಳಿದಿದೆ! ದೊಡ್ಡವರಿಗೆ ಅದು ಒಂದು ಲೋಟ ನೀರಿನ ತೂಕ. ನನ್ನ ಮಗಳಿಗೆ ಅದು ಮೈಯ ಎಂಟನೇ ಒಂದು ಪಾಲು. ವಸುಧಾಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕರುಳಿಗೆ ಸೋಂಕಾದರೆ ಹೀಗೇ ತಟ್ಟನೆ ಇಳಿಯುತ್ತದೆ ಎಂದು ಎಲ್ಲೋ ಓದಿದ್ದೆ, ಓದಬಾರದಿತ್ತು. ಆಸ್ಪತ್ರೆಯ ತಕ್ಕಡಿಯೇ ಕೆಟ್ಟಿರಬೇಕು ಅನ್ನಿಸಿತು. ಡಿಕ್ಕಿಯಲ್ಲಿದ್ದ ನನ್ನ ತೂಕದ ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲವರೆಗೂ ಹೋದೆ. "ಸರ್, ಒಬ್ಬರೇ ಪೇರೆಂಟ್" ಎಂದ ಗಾರ್ಡು, ಪೆಟ್ಟಿಗೆಯನ್ನು ಬಾಂಬು ನೋಡಿದ ಹಾಗೆ ನೋಡಿದ. ಈಗ ನೆನೆದರೆ ನಗು ಬರುತ್ತದೆ. ಆಗ ಅವನ ಕಾಲಿಗೆ ಬೀಳುವುದೊಂದು ಬಾಕಿ ಇತ್ತು.

ಕಾರಿಗೆ ವಾಪಸು ಬಂದು ಕೂತೆ. ಕೇಳದೆ ಇದ್ದರೆ ಮಗು ಇನ್ನೂ ಇದ್ದ ಹಾಗೇ ಇರುತ್ತಾಳೆ, ಕೇಳಿದರೆ ಏನಾಗುತ್ತದೋ ಎಂಬ ಹೆದರಿಕೆ. ಕೊನೆಗೆ ವಾರ್ಡಿಗೇ ಫೋನು ಮಾಡಿ, ಮಗು ಹುಟ್ಟಿದಾಗ ಆಸ್ಪತ್ರೆಯವರು ನನ್ನ ಕೈಗೆ ಕಟ್ಟಿದ್ದ ಪಟ್ಟಿಯ ಮೇಲಿನ ನಂಬರು ಹೇಳಿ, ಕಣ್ಣು ಮುಚ್ಚಿಕೊಂಡು ಕೇಳಿದೆ: ಮಗುವಿನ ತೂಕ ಎಷ್ಟು, ಗ್ರಾಂ ಲೆಕ್ಕದಲ್ಲಿ ಹೇಳಿ. ನರ್ಸು ತರಕಾರಿ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿದಳು: "ಸಾವಿರದ ನಾನೂರ ಇಪ್ಪತ್ತೈದು. ನಿನ್ನೆಗಿಂತ ಜಾಸ್ತಿ. ಗುಡ್ ಗರ್ಲ್!"

ನಾನು ಸ್ಟೀರಿಂಗಿಗೆ ಹಣೆಯಿಟ್ಟು ಅತ್ತೆ. ಹಾರ್ನ್ ಹೊಡೆದುಕೊಂಡಿತು.

ಆದದ್ದು ಇಷ್ಟು. ಮಗುವಿನ ಪಕ್ಕ ಕೂತು ಬೇಜಾರಾದ ವಸುಧಾ ಈ ಹಳೆಯ ಅಳತೆಗಳ ಬಗ್ಗೆ ಯಾವುದೋ ಪುಸ್ತಕದಲ್ಲಿ ತಾನೂ ಓದಿದ್ದಳು. ಬ್ಯಾಬಿಲೋನಿನವರ ಮಿನಾಗೆ ಅರವತ್ತು ಶೆಕೆಲ್ ಎಂದು ಅಲ್ಲಿತ್ತು. ನಾನು ಕರಾರುವಾಕ್ಕಿನ ಮನುಷ್ಯನೆಂದು, ಅದೇ ಸರಿಯಾದ ಲೆಕ್ಕವಿರಬೇಕೆಂದು, ಅವತ್ತಿನಿಂದ ಅರವತ್ತಕ್ಕೆ ಬದಲಾಯಿಸಿದ್ದಳು. ಅವಳ ಎರಡು ಮಿನಾ ಐದು ಶೆಕೆಲ್ ಅಂದರೆ ನೂರ ಇಪ್ಪತ್ತೈದು ಶೆಕೆಲ್. ನನ್ನ ಐವತ್ತರ ಲೆಕ್ಕದಲ್ಲಿ ನೂರ ಐದು. ಮಗು ಐದು ಶೆಕೆಲ್ ಏರಿದ್ದಳು. ಹೊರಗೆ ಬಂದ ವಸುಧಾ ನನ್ನ ಮುಖ ನೋಡಿ, ವಿಷಯ ಕೇಳಿ, ಬೂದಿ ಬಿದ್ದ ಬಾನೆಟ್ಟಿಗೆ ಒರಗಿ ನಿಂತಳು. "ಸಾರಿ ಕಣ್ರೀ, ನಿಮಗೆ ಖುಷಿ ಆಗ್ಲಿ ಅಂತ ಮಾಡ್ದೆ" ಎಂದಳು.

ಹನ್ನಾಗೆ ಹೇಳಿದಾಗ ಅವರು ತಲೆಯಾಡಿಸಿದರು. "ಒಂದೇ ಚೀಲದಲ್ಲಿ ಎರಡು ಥರದ ಕಲ್ಲು ಇಟ್ಕೋಬಾರದು ಅಂತ ನಮ್ಮ ಹಿರಿಯರು ಕಟ್ಟಪ್ಪಣೆ ಮಾಡಿದ್ದು ಮೋಸಗಾರರಿಗೆ. ಒಳ್ಳೆಯವರೂ ಹೀಗೆ ಮಾಡ್ಕೋತಾರೆ ಅಂತ ಅವರಿಗೆ ಗೊತ್ತಿರಲಿಲ್ಲ" ಎಂದರು. ಅವರೀಗ ಲಾಸ್ ಏಂಜಲೀಸಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅಲ್ಲೇ ಹತ್ತಿರದ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋದಾಗ ಇಳಾಳನ್ನು ತೋರಿಸಿಕೊಂಡು ಬರುತ್ತೇವೆ.

ಮಗು ಸರಿಯಾಗಿ ನಾಲ್ಕು ಮಿನಾ ಆದಾಗ ಮನೆಗೆ ಬಂತು, ಐವತ್ತರ ಮಿನಾ. ಆ ಬೆಕಾ ಕಲ್ಲನ್ನು ಕಾರಿನ ಕುರ್ಚಿಯ ಅಡಿಗೆ ಸಿಕ್ಕಿಸಿದವನು ನಾನೇ. ಆಮೇಲೆ ಮರೆತೆ. ಹೆದರಿಕೆಯನ್ನು ಮಾತ್ರ ಮರೆಯಲಿಲ್ಲ. ಡಾಕ್ಟರ ಹತ್ತಿರ ಅವಳನ್ನು ತೂಗುವಾಗ ನಾನು ಗೋಡೆಯ ಮೇಲಿನ ಜಿರಾಫೆಯನ್ನು ನೋಡುತ್ತಿರುತ್ತೇನೆ. ಹರಕೆಯೂ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ತಡವಾದಷ್ಟೂ ಬೆಲ್ಲ ಜಾಸ್ತಿಯಾಗುತ್ತದೆ ಎಂದು ಅಣ್ಣ ತಮಾಷೆ ಮಾಡುತ್ತಾನೆ.

ಶನಿವಾರ ಕೊನೆಗೂ ಇಳಾಳನ್ನು ಬಚ್ಚಲಮನೆಯ ಸ್ಕೇಲಿನ ಮೇಲೆ ನಿಲ್ಲಿಸಿದೆ. ನಾನು ಗೋಡೆ ನೋಡುತ್ತಿದ್ದೆ, ಅಲ್ಲಿ ಜಿರಾಫೆ ಇರಲಿಲ್ಲ. "ಫಾರ್ಟಿ ಒನ್!" ಎಂದು ಅವಳು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನಾನು ಬೆಚ್ಚಿಬಿದ್ದು ಕಿಟಕಿ ಮುಚ್ಚಿದೆ. ಅರ್ಧ ಟ್ಯಾಲೆಂಟಿಗಿಂತ ಹೆಚ್ಚು ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತು.

ಅಷ್ಟರಲ್ಲಿ ಅಮ್ಮನ ವೀಡಿಯೋ ಕಾಲ್ ಬಂತು. "ಈ ಸಲ ಬಂದಾಗ ತುಲಾಭಾರ ಮುಗಿಸಿಬಿಡುವ ಮಾರಾಯ. ಬೆಲ್ಲಕ್ಕೆ ಹೇಳ್ಬೇಕಲ್ಲ, ಎಷ್ಟುಂಟು ತೂಕ?" ಎಂದರು, ಎಂದಿನ ಹಾಗೆ. ನಾನು ಎಂದಿನ ಹಾಗೆ ಬಾಯಿ ತೆರೆದೆ. ಕಾರಿನಲ್ಲಿ ಸಿಕ್ಕ ಬೆಕಾ ಕಲ್ಲು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಬೆಚ್ಚಗಾಗಿತ್ತು. ಏನನ್ನಿಸಿತೋ, "ಹದಿನೆಂಟೂವರೆ ಕಿಲೋ ಉಂಟಮ್ಮ" ಎಂದುಬಿಟ್ಟೆ.

ಅಮ್ಮನ ಮುಖ ಪರದೆಯಿಂದ ಸರಿಯಿತು. ನೆಟ್‌ವರ್ಕ್ ಹೋಯಿತೆಂದುಕೊಂಡೆ. ನೋಡಿದರೆ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಬೆಲ್ಲಕ್ಕಲ್ಲ ಮಾರಾಯ ನಾನು ಇಷ್ಟು ವರ್ಷ ಕೇಳಿದ್ದು. ಬೆಲ್ಲ ಅಂಗಡಿಯವ ತೂಗಿ ಕೊಡ್ತಾನೆ. ನೀನು ತೂಕ ಹೇಳದಿದ್ರೆ ನಾನು ಎಂತ ಅಂದ್ಕೊಳ್ಳುದು? ಮಗು ಏರ್ತಾ ಉಂಟಾ, ಇಳೀತಾ ಉಂಟಾ ಅಂತ ಇಲ್ಲಿ ಒಬ್ಬಳೇ ಹೆದರಿ ಸತ್ತೆ."

ಮಗು ಏರಿತೋ ಇಳಿಯಿತೋ ತಿಳಿಯದೆ ಪಾರ್ಕಿಂಗ್ ಲಾಟಿನಲ್ಲಿ ನಾನು ಕೂತದ್ದು ಒಂದೇ ಒಂದು ಬೆಳಿಗ್ಗೆ. ಅಮ್ಮ ಐದು ವರ್ಷ ಕೂತಿದ್ದರು. ಅಷ್ಟರಲ್ಲಿ ಅವರೇ ಗಾಬರಿಯಾಗಿ ಅತ್ತಿತ್ತ ನೋಡಿ, ದನಿ ತಗ್ಗಿಸಿದರು. "ಜೋರು ಹೇಳ್ಬೇಡ, ಕಣ್ಣು ಬೀಳ್ತದೆ. ಮೆಲ್ಲ ಹೇಳು. ಇನ್ನೊಮ್ಮೆ ಹೇಳು."

ಇಳಾಳನ್ನು ಎತ್ತಿಕೊಂಡೆ. ಸೊಂಟ ಹಿಡಿಯುವಷ್ಟು ಭಾರವಿದ್ದಳು. ಫೋನಿಗೆ ಬಾಯಿ ತಾಗಿಸಿ, ಹೆದರುತ್ತಲೇ, ಇನ್ನೊಮ್ಮೆ ಹೇಳಿದೆ.