ಹಾಲು ಹಸಿರಾದ ಬುಧವಾರ

ಬುಧವಾರ ಬೆಳಿಗ್ಗೆ 6 ಗಂಟೆ 20 ನಿಮಿಷಕ್ಕೆ ಸೀತಾ ಬಸವೇಶ್ವರನಗರದ ತಮ್ಮ ಅಡುಗೆಮನೆಯಲ್ಲಿ ಕಾಫಿ ಫಿಲ್ಟರಿಗೆ ಬಿಸಿನೀರು ಸುರಿಯುತ್ತಿದ್ದರು. ಪಕ್ಕದ ಬೆಳ್ಳಿ ಬಟ್ಟಲು ಕಣ್ಣಿಗೆ ಬಿದ್ದು ಕೈ ನಿಂತಿತು. ಅದರಲ್ಲಿದ್ದ ಹಾಲು ಹಸಿರಾಗಿತ್ತು.

ಸೀತಾ ಮೂವತ್ತೊಂದು ವರ್ಷ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯವನ್ನು ನೋಡಿಕೊಂಡವರು. ನಿವೃತ್ತರಾದ ಮೇಲೂ ಮನೆಯ ಉಪ್ಪಿನ ಡಬ್ಬಿಗೆ ತಾರೀಖು ಬರೆದ ಚೀಟಿ ಅಂಟಿಸುತ್ತಾರೆ. ನನಗೂ ಒಂದು ಅಂಟಿಸಿಬಿಡಿ ಎಂದು ಸೊಸೆ ರಾಗಿಣಿ ರೇಗಿಸುವುದುಂಟು.

ರಾಗಿಣಿಯ ಮಗಳು ಸಿಂಚನಾಗೆ ಆರು ವರ್ಷ, ಮಾತು ತೊದಲುತ್ತದೆ. ಬುಧ ದುರ್ಬಲ, ಪಚ್ಚೆ ಹಾಕಿಸಿ ಎಂದು ಜೋಯಿಸರು ಹೇಳಿದ್ದರು. ಪರಿಚಯದವರ ಮೂಲಕ ತರಿಸಿದ ಕಲ್ಲನ್ನು ಲಾಕೆಟ್ಟಿಗೆ ಕೂರಿಸುವ ಮೊದಲು, ಶುದ್ಧಿಗೆಂದು ಹಿಂದಿನ ಸಂಜೆ ಹಸಿಹಾಲಿನಲ್ಲಿ ಮುಳುಗಿಸಿಟ್ಟಿದ್ದರು.

ದೇವರಮನೆಯಿಂದ ಬಂದ ರಾಗಿಣಿಯ ಮುಖ ಅರಳಿತ್ತು. "ನೋಡಿದ್ರಾ ಅತ್ತೆ? ಅಸಲಿ ಪಚ್ಚೆ ಹಾಲನ್ನ ಹಸಿರು ಮಾಡುತ್ತೆ ಅಂತ ನಮ್ಮಮ್ಮ ಹೇಳ್ತಿದ್ರು."

ಆ ನಂಬಿಕೆ ಸೀತಾಗೂ ಗೊತ್ತು. ಆದರೆ ಅದರಲ್ಲಿ ಹೇಳುವ ಹಸಿರು ಬರೀ ಬೆಳಕಿನದು. ಕಲ್ಲು ತೆಗೆದರೆ ಹಾಲು ಬಿಳಿಯಾಗಬೇಕು. ಚಮಚದಿಂದ ಕಲ್ಲನ್ನು ಎತ್ತಿದರು. ಹಾಲು ಹಸಿರಾಗಿಯೇ ಉಳಿಯಿತು. ಕಲ್ಲು ಬಿಳಚಿಕೊಂಡು, ಒಳಗೆಲ್ಲ ಕೂದಲಿನಂಥ ಬಿರುಕುಗಳು ಎದ್ದು ಕಾಣುತ್ತಿದ್ದವು.

"ಹಾಲು ಕಮ್ಮಿ ಆಗಿದೆಯಲ್ಲ, ರಾಗಿಣಿ?"

"ತೀರ್ಥ ಅಂತ ಸಿಂಚನಾಗೆ ಕುಡಿಸ್ದೆ. ನಾಲ್ಕು ಚಮಚ."

ಸೀತಾ ಬಾಗಿಲ ಕಡೆ ತಿರುಗಿದರು. ಅಲ್ಲಿ ನಿಂತಿದ್ದ ಮಗು ನಾಲಿಗೆ ಚಾಚಿ ತೋರಿಸಿತು. ಅದೂ ಹಸಿರು.

ಹತ್ತು ನಿಮಿಷದಲ್ಲಿ ಮೂವರೂ ಆಸ್ಪತ್ರೆಗೆ ಆಟೋ ಹತ್ತಿದರು. ಉಳಿದ ಹಾಲನ್ನು ಸೀಸೆಗೆ ಹಾಕಿ, ಹೊತ್ತು ಬರೆದ ಚೀಟಿ ಅಂಟಿಸಿಯೇ ಒಯ್ದರು. ಯಾವ ಬಣ್ಣವೆಂದು ಡಾಕ್ಟರಿಗೂ ತಿಳಿಯಲಿಲ್ಲ. ಕುಡಿದದ್ದು ಸ್ವಲ್ಪ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಮಗುವಿಗೆ ವಾಂತಿಯಾಗಲಿಲ್ಲ, ಜ್ವರ ಬರಲಿಲ್ಲ. ಐದು ಗಂಟೆಗೆ ಮನೆಗೆ ಕಳಿಸಿದರು.

ಮನೆಗೆ ಬಂದು ಕೂತ ರಾಗಿಣಿ ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ದೂರುವ ದನಿಯಲ್ಲಲ್ಲ, ಅರ್ಥವಾಗದವಳಂತೆ ಕೇಳಿದಳು: "ಬೇರೆ ಯಾರೇ ಹೇಳಿದ್ರೂ ನಾನು ಕುಡಿಸ್ತಿರ್ಲಿಲ್ಲ. ಭಾನುವಾರ ನೀವೇ ತೂಗಿ, ಅಸಲಿ ಅಂದ್ರಲ್ಲ ಅತ್ತೆ?"

ಹೌದು, ತೂಗಿದ್ದರು. ಗಾಳಿಯಲ್ಲೊಮ್ಮೆ, ದಾರ ಕಟ್ಟಿ ನೀರಿನಲ್ಲೊಮ್ಮೆ ತೂಗಿ, ಕಲ್ಲಿನ ಸಾಂದ್ರತೆ ಲೆಕ್ಕ ಹಾಕಿದ್ದರು. ಪಚ್ಚೆಯೆಂದರೆ ಬೆರಿಲ್ ಎಂಬ ಖನಿಜ. ಶುದ್ಧ ಬೆರಿಲ್‌ಗೆ ಬಣ್ಣವಿಲ್ಲ. ಕ್ರೋಮಿಯಂ ಅಥವಾ ವನೇಡಿಯಂ ಸೇರಿದರೆ ಹಸಿರು. ಬಿರುಕು ಬಿಟ್ಟ ಅಗ್ಗದ ಬೆರಿಲ್‌ಗೆ ಬಣ್ಣದ ಎಣ್ಣೆ ತುಂಬಿದರೂ ಸಾಂದ್ರತೆ ಹೆಚ್ಚುಕಡಿಮೆ ಒಳ್ಳೆಯ ಪಚ್ಚೆಯಷ್ಟೇ ಇರುತ್ತದೆ. ಆ ಎಣ್ಣೆ ನೀರಿನಲ್ಲಿ ಕರಗದು, ಹಾಲಿನ ಕೊಬ್ಬಿನಲ್ಲಿ ಕರಗುತ್ತದೆ. ಇದೆಲ್ಲ ಸೀತಾಗೆ ಗೊತ್ತಿತ್ತು. ಭಾನುವಾರ ನೆನಪಾಗಲಿಲ್ಲ, ಅಷ್ಟೆ. ತಮ್ಮ ಲೆಕ್ಕವು ಪುಸ್ತಕದಲ್ಲಿದ್ದ ಪಚ್ಚೆಯ ಸಾಂದ್ರತೆಗೆ ಸರಿಯಾಗಿ ಹೊಂದಿದ ಖುಷಿಯಲ್ಲಿ, ಸೊಸೆಗೆ ಕೇಳಲೆಂದು ಗಟ್ಟಿಯಾಗಿ ಓದಿದ್ದರು: "ಎರಡು ಪಾಯಿಂಟ್ ಏಳು ಒಂದು."